ನೋವಿಲ್ಲದ ಒಸಡು

ಬೀದರ್ ಜಿಲ್ಲೆಯ ಘಾಟಬೋರಾಳದಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಓದುಗರೊಬ್ಬರು ಊರಿಗೆ ಬಂದಾಗ ಹೇಳಿದ್ದು ಇದು. ಆ ಕಡೆ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕಿ ಕೆಳತುಟಿಯೊಳಗೆ ಇಟ್ಟುಕೊಳ್ಳುವವರು ಬಹಳ. ಹಲ್ಲುನೋವೆಂದು ಇವರೂ ಶುರು ಮಾಡಿದರು. ನೋವು ಹೋಯಿತು. ನಾಲ್ಕು ವರ್ಷದಲ್ಲಿ ಮುಂದಿನ ಎರಡು ಹಲ್ಲು ಅಲುಗಾಡತೊಡಗಿದವು. "ನೋವೇ ಇರ್ಲಿಲ್ಲ ಮಾರಾಯ್ರೆ, ಮತ್ತೆ ಹೇಗೆ?" ಎಂದು ಅವರ ಪ್ರಶ್ನೆ.

ಘಾಟಬೋರಾಳದವರನ್ನು ದೂರಿ ಪ್ರಯೋಜನವಿಲ್ಲ. ಹಲ್ಲು ನೋಯುತ್ತದೆ ಎಂದರೆ ಹೊಗೆಸೊಪ್ಪಿನ ಚೂರು ಒತ್ತಿ ಹಿಡಿ ಎನ್ನುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ.

ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿದಾಗ ರಕ್ತದಿಂದ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ರೋಗಾಣುವನ್ನು ನುಂಗಿ ಕೊಲ್ಲುವುದು ಅದರ ಕೆಲಸ. ನಿಕೋಟಿನ್ ಆ ಶಕ್ತಿಯನ್ನೇ ಕುಗ್ಗಿಸುತ್ತದೆ. ಇನ್ನೊಂದು ಕಡೆ, ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕಗಳನ್ನು ಬೇರೆ ರಕ್ಷಣಾ ಕಣಗಳು ತಂಬಾಕಿನ ಸಂಪರ್ಕದಲ್ಲಿ ಹೆಚ್ಚು ಸುರಿಸುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಅಂದರೆ ಕಾವಲುಗಾರ ಕಳ್ಳನನ್ನು ಬಿಟ್ಟು ಮನೆಗೇ ಬೆಂಕಿ ಇಟ್ಟ ಹಾಗೆ. ಆ ಬೆಂಕಿಗೆ ಕರಗುವುದು ಹಲ್ಲನ್ನು ಹಿಡಿದಿರುವ ಮೂಳೆ. ತಂಬಾಕು ಇಟ್ಟ ಜಾಗದಲ್ಲೇ ಒಸಡು ಕೆಳಗೆ ಸರಿಯುತ್ತದೆ, ಬೇರು ಕಾಣುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುವುದರಿಂದ ರಕ್ತ ಒಸರುವ ಮುನ್ಸೂಚನೆಯೂ ಕೆಲವೊಮ್ಮೆ ಸಿಗುವುದಿಲ್ಲ. ಸುಣ್ಣವೋ, ನಿಕೋಟಿನ್ ಬೇಗ ಒಳಗಿಳಿಯಲು ಸಹಾಯ ಮಾಡುತ್ತದೆ.

ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂಗಡಿಗಳಲ್ಲಿ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಯಿತು, ಅಷ್ಟೆ! 2016-17ರ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ. 16.3 ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಇನ್ನು ಮನೆಯೊಳಗಿನ ಎಲೆತಟ್ಟೆಗೆ ಯಾವ ಕಾನೂನೂ ತಲುಪದು. ಉಮ್ಮನ ಸಂಚಿಯಲ್ಲಿ ಹೊಗೆಸೊಪ್ಪು ಇದೆಯೇ ಎಂದು ಕೇಳಬೇಕಾದವರು ಮಕ್ಕಳೇ. ಬರೀ ಅಡಿಕೆ ತಾನೇ ಎನ್ನುವವರಿಗೂ ಒಂದು ಮಾತು: ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆಯ ಊರಿನಲ್ಲಿ ಇದನ್ನು ಬರೆಯುವುದು ನಮಗೂ ಸುಲಭವಲ್ಲ.

ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯಲು ಕಷ್ಟವಾದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಬಿಡಬೇಕೆನ್ನುವವರಿಗೆ 1800-11-2356 ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಬೇಕರಿಯ ಸಹೋದರರಿಗೆ ಒಂದು ಹಲ್ಲು ಉಳಿಸಬಹುದು ಎಂದಿದ್ದಾರಂತೆ ವೈದ್ಯರು, ತಂಬಾಕು ಬಿಟ್ಟರೆ.