ಹೊಗೆಗೂ ರಹದಾರಿ

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಾಲ್ಕಾರು ಹಿರಿಯರಲ್ಲಿ ವಾಡಿಯ ಕಡೆಯವರೊಬ್ಬರಿದ್ದಾರೆ. ಮೂವತ್ತು ವರ್ಷ ಸಿಮೆಂಟು ಕಾರ್ಖಾನೆಯ ಗೂಡಿನ ಬಳಿ ದುಡಿದು, ನಿವೃತ್ತರಾದ ಮೇಲೆ ಮಗನ ಸಂಸಾರದೊಡನೆ ಮುಂಬಯಿಗೆ ಬಂದು ನೆಲೆಸಿದವರು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಅವರ ಅಭ್ಯಾಸ. ಓದಿದ್ದನ್ನು ನಮ್ಮೆಲ್ಲರ ಮುಂದಿಟ್ಟು ವಾದಕ್ಕೆ ಕರೆಯುವುದು ಅವರ ವಿನೋದ. ಕಳೆದ ತಿಂಗಳು ಒಂದು ದಿನ ಕನ್ನಡಕವನ್ನು ಹಣೆಗೇರಿಸಿ, "ಅಲ್ರೀ, ನಾರ್ವೆ ದೇಶದಾಗ ಸಿಮೆಂಟ್ ಫ್ಯಾಕ್ಟರಿ ಹೊಗಿ ಹಿಡಿದು, ಹಡಗಿನಾಗ ತುಂಬಿ, ಸಮುದ್ರದ ಬುಡಕ್ಕ ಹುಗೀಲಿಕ್ಕತ್ತಾರಂತ. ಅಷ್ಟೇ ಅಲ್ಲ, ಮಂದಿ ದೇಶದ ಹೊಗಿನೂ ತರಿಸಿಕೊಳ್ತಾರಂತ. ಕಾಯ್ದೆ ಇದಕ್ಕೆಲ್ಲ ಒಪ್ಪತದೇನ್ರಿ?" ಎಂದು ಕೇಳಿದರು.

ಎಲ್ಲರೂ ನಕ್ಕೆವು. ನಕ್ಕು ಮನೆಗೆ ಬಂದ ಮೇಲೆ ಆ ಪ್ರಶ್ನೆ ನಗುವಂಥದಲ್ಲವೆಂದು ತೋರಿತು. ಹೊಗೆಯನ್ನು ಹಿಡಿಯುವ ವಿದ್ಯೆ ಮನುಷ್ಯನಿಗೆ ಎಂದೋ ಬಂದಿದೆ. ಹಿಡಿದ ಹೊಗೆಯನ್ನು ಒಂದು ದೇಶದ ಗಡಿ ದಾಟಿಸಿ ಇನ್ನೊಂದು ದೇಶದ ನೆಲದಡಿ ಇಡುವುದಕ್ಕೆ ಬೇಕಾದ ಕಾಗದಪತ್ರಗಳು ಸಿದ್ಧವಾಗಲು ಮಾತ್ರ ವರ್ಷಗಟ್ಟಲೆ ಹಿಡಿದಿದೆ. ಈ ಸಂಚಿಕೆಯ ನಮ್ಮ ಪುಟವನ್ನು ಆ ವಿಷಯಕ್ಕೇ ಮೀಸಲಿಡುತ್ತೇವೆ.

ಮೊದಲು ಹೊಗೆಯ ಮಾತು. ಸಿಮೆಂಟಿಗೆ ಮೂಲ ಸುಣ್ಣದಕಲ್ಲು. ಮುಂಬಯಿ, ಪುಣೆಗಳ ಹಳೆಯ ಮನೆಗಳ ಅಡಿಗೆಮನೆಯಲ್ಲಿ ಹಾಸಿರುವ ಶಹಾಬಾದಿ ಫರಸಿಯೂ ಅದೇ ಜಾತಿಯ ಕಲ್ಲು. ಶುದ್ಧವಾದ ಸುಣ್ಣದಕಲ್ಲನ್ನು ನೂರು ಕಿಲೊ ಸುಟ್ಟರೆ ಗೂಡಿನಲ್ಲಿ ಉಳಿಯುವ ಸುಣ್ಣ 56 ಕಿಲೊ. ಮಿಕ್ಕ 44 ಕಿಲೊ ವಾಯುವಾಗಿ ಹಾರಿಹೋಗುತ್ತದೆ. ನಾವು ಶಾಲೆಯಲ್ಲಿ ಓದಿದ ಅಂಗಾರಾಮ್ಲ ವಾಯು, ನಮ್ಮ ಮಕ್ಕಳು ಓದುವ ಇಂಗಾಲದ ಡೈಆಕ್ಸೈಡ್, ಎರಡೂ ಇದೇ. ಗೂಡಿಗೆ ಕಲ್ಲಿದ್ದಲ ಬದಲು ಬಿಸಿಲಿನ ಶಕ್ತಿಯನ್ನೇ ಕೊಟ್ಟರೂ ಕಲ್ಲಿನೊಳಗಿನ ಈ ವಾಯು ಹೊರಬರುವುದು ತಪ್ಪದು. ಸಿಮೆಂಟು ಕಾರ್ಖಾನೆಯಿಂದ ಏಳುವ ಈ ವಾಯುವಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸೌದೆಯದಲ್ಲ, ಕಲ್ಲಿನದು. ಆದುದರಿಂದಲೇ ಬೇರೆ ಉದ್ಯಮಗಳಿಗೆ ಹೇಳುವಂತೆ "ಕಲ್ಲಿದ್ದಲು ಬಿಡಿ" ಎಂದು ಸಿಮೆಂಟಿನವರಿಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಅದನ್ನು ಹಿಡಿಯುವ ಬಗೆ ಹೀಗೆ. ಅಮೈನು ಎಂಬ ಜಾತಿಯ ರಾಸಾಯನಿಕ ದ್ರವವನ್ನು ಎತ್ತರದ ಗೋಪುರದಲ್ಲಿ ಮೇಲಿನಿಂದ ಸುರಿಸಿ, ಕೆಳಗಿನಿಂದ ಹೊಗೆಯನ್ನು ಹಾಯಿಸುತ್ತಾರೆ. ದ್ರವ ಅಂಗಾರಾಮ್ಲವನ್ನು ಮಾತ್ರ ಹೀರಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಆಮೇಲೆ ದ್ರವವನ್ನು ಕಾಯಿಸಿದರೆ ಹೀರಿದ ವಾಯು ಶುದ್ಧವಾಗಿ ಹೊರಬರುತ್ತದೆ. ದ್ರವ ಮತ್ತೆ ಕೆಲಸಕ್ಕೆ ಸಿದ್ಧ. ಈ ಉಪಾಯಕ್ಕೆ ಅಮೆರಿಕದಲ್ಲಿ ಪೇಟೆಂಟು ದೊರೆತದ್ದು 1930ರಲ್ಲಿ. ಕಷ್ಟವಿರುವುದು ಕಾಯಿಸುವುದರಲ್ಲಿ. ಅದಕ್ಕೆ ಬೇಕಾಗುವ ಶಾಖ ಬಹಳ, ಶಾಖವೆಂದರೆ ಹಣ.

ನಾರ್ವೆ ದೇಶದ ದಕ್ಷಿಣದಲ್ಲಿ ಬ್ರೆವಿಕ್ ಎಂಬ ಊರಿನ ಸಿಮೆಂಟು ಕಾರ್ಖಾನೆಯಲ್ಲಿ ಗೂಡಿನಿಂದ ವ್ಯರ್ಥವಾಗುವ ಶಾಖವನ್ನೇ ಇದಕ್ಕೆ ಬಳಸುತ್ತಾರೆ. 2025ರ ಜೂನ್ ತಿಂಗಳಲ್ಲಿ ಉದ್ಘಾಟನೆಯಾದ ಈ ವ್ಯವಸ್ಥೆ ವರ್ಷಕ್ಕೆ 4 ಲಕ್ಷ ಟನ್ನು, ಎಂದರೆ ಆ ಕಾರ್ಖಾನೆಯ ಹೊರಸೂಸುವಿಕೆಯ ಸುಮಾರು ಅರ್ಧವನ್ನು, ಹಿಡಿಯಬಲ್ಲುದು. ಹಿಡಿದ ವಾಯುವನ್ನು ಒತ್ತಡದಲ್ಲಿ ತಂಪುಮಾಡಿ ನೀರಿನಂತೆ ದ್ರವವಾಗಿಸಿ ಹಡಗಿಗೆ ತುಂಬುತ್ತಾರೆ. ಹಡಗು ಬೆರ್ಗೆನ್ ನಗರದ ಹತ್ತಿರದ ಓಯ್‌ಗಾರ್ಡನ್ ಎಂಬ ತೀರಕ್ಕೆ ಬರುತ್ತದೆ. ಅಲ್ಲಿಂದ ಕಡಲೊಳಗೆ ಸುಮಾರು 100 ಕಿಲೊಮೀಟರ್ ಕೊಳವೆ. ಕೊಳವೆಯ ಕೊನೆಯಲ್ಲಿ ಸಮುದ್ರತಳಕ್ಕಿಂತ 2,600 ಮೀಟರ್ ಕೆಳಗಿರುವ ಮರಳುಗಲ್ಲಿನ ಪದರ. 2025ರ ಆಗಸ್ಟಿನಲ್ಲಿ ಮೊದಲ ಸರಕು ಆ ಆಳವನ್ನು ಸೇರಿತು. ಈ ಸಾಗಣೆ ಮತ್ತು ಸಂಗ್ರಹದ ಕಂಪನಿಯ ಹೆಸರು ನಾರ್ದರ್ನ್ ಲೈಟ್ಸ್. ಎಕ್ವಿನಾರ್, ಶೆಲ್, ಟೋಟಲ್ ಎನರ್ಜೀಸ್ ಎಂಬ ಮೂರು ತೈಲ ಸಂಸ್ಥೆಗಳ ಪಾಲುದಾರಿಕೆ ಅದು. ಮೊದಲ ಹಡಗುಗಳು ಕಟ್ಟಿಸಿಕೊಂಡು ಬಂದದ್ದು ಚೀನಾದ ದಾಲಿಯನ್ ಬಂದರಿನಿಂದ.

ಇಷ್ಟು ಆಳದಲ್ಲಿ ಇಟ್ಟದ್ದು ಮತ್ತೆ ಮೇಲೆ ಬಾರದೇ ಎಂಬ ಸಂದೇಹ ಯಾರಿಗಾದರೂ ಬರುವಂಥದೇ. ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪುನೀರು ತುಂಬಿರುತ್ತದೆ. ಅದರ ಮೇಲೆ ನೀರೂ ನುಸುಳದ ಜೇಡಿಶಿಲೆಯ ಮುಚ್ಚಳವಿರುತ್ತದೆ. ವಾಯುವಿನ ಒಂದಂಶ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಒಂದಂಶ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ನಾರ್ವೆಯವರಿಗೆ ಇದರಲ್ಲಿ ಅನುಭವವೂ ಉಂಟು. 1991ರಲ್ಲಿ ಅವರ ಸರಕಾರ ಇಂಗಾಲದ ಮೇಲೆ ತೆರಿಗೆ ಹಾಕಿತು. ಸ್ಲೈಪ್ನರ್ ಎಂಬ ಕಡಲ ಅನಿಲಕ್ಷೇತ್ರದವರು, ತೆರಿಗೆ ಕೊಡುವುದಕ್ಕಿಂತ ಹೂಳುವುದೇ ಅಗ್ಗವೆಂದು ಕಂಡು, 1996ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ನಿನಂತೆ ಸಮುದ್ರದಡಿಗೆ ಇಳಿಸತೊಡಗಿದರು. ಧರ್ಮಬುದ್ಧಿಗಿಂತ ತೆರಿಗೆಯ ಭಯ ಬೇಗ ಕೆಲಸ ಮಾಡುತ್ತದೆಂಬುದಕ್ಕೆ ನಮಗೆ ತಿಳಿದ ಉದಾಹರಣೆಗಳಲ್ಲಿ ಇದೂ ಒಂದು.

ಆದರೆ ಸ್ಲೈಪ್ನರಿನದು ನಾರ್ವೆಯ ವಾಯು, ನಾರ್ವೆಯ ಕಡಲು. ತೊಡಕು ಹುಟ್ಟಿದ್ದು ಪರದೇಶದ ವಾಯುವಿಗೆ. ನಮ್ಮ ವಾಡಿಯ ಮಿತ್ರರ ಪ್ರಶ್ನೆ ಇಲ್ಲಿಗೆ ಬರುತ್ತದೆ.

ಸಮುದ್ರವನ್ನು ಕಸದ ಗುಂಡಿಯಾಗಿ ಬಳಸಬಾರದೆಂದು ರಾಷ್ಟ್ರಗಳು 1972ರಲ್ಲಿ ಲಂಡನ್ನಿನಲ್ಲಿ ಒಂದು ಒಡಂಬಡಿಕೆಗೆ ಬಂದವು. 1996ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿ ಹೊಸ ಕರಾರು ಬರೆದರು. ಲಂಡನ್ ಪ್ರೋಟೋಕಾಲ್ ಎಂದು ಅದರ ಹೆಸರು. ಅದರ ಆರನೆಯ ವಿಧಿಯಂತೆ, ಸಮುದ್ರಕ್ಕೆ ಹಾಕುವುದಕ್ಕಾಗಿ ಯಾವ ದೇಶವೂ ತನ್ನ ತ್ಯಾಜ್ಯವನ್ನು ಬೇರೆ ದೇಶಕ್ಕೆ ಕಳುಹಿಸಕೂಡದು. ಎಂಥ ಒಳ್ಳೆಯ ವಿಧಿ! ಹಣವಂತರು ತಮ್ಮ ಹೊಲಸನ್ನು ಬಡವರ ತೀರಕ್ಕೆ ಸಾಗಿಸುವುದನ್ನು ತಡೆಯಲು ಇದು ಬೇಕೇ ಬೇಕಾಗಿತ್ತು. ಆದರೆ ಆಗ ಅಂಗಾರಾಮ್ಲವನ್ನು ಯಾರೂ ಎಣಿಸಿರಲಿಲ್ಲ. ಕಾಯಿದೆಯ ಕಣ್ಣಿಗೆ ಅದೂ ತ್ಯಾಜ್ಯವೇ.

2006ರಲ್ಲಿ ಒಂದು ತಿದ್ದುಪಡಿಯಾಗಿ, ಸಮುದ್ರತಳದ ಕೆಳಗಿನ ಶಿಲೆಯಲ್ಲಿ ಈ ವಾಯುವನ್ನು ಇಡಬಹುದೆಂದಾಯಿತು. ಗಡಿ ದಾಟಿಸುವ ಅಪ್ಪಣೆ ಮಾತ್ರ ಅದರಲ್ಲಿರಲಿಲ್ಲ. ಅದಕ್ಕಾಗಿ 2009ರಲ್ಲಿ ಎರಡನೆಯ ತಿದ್ದುಪಡಿ ಬಂತು. ಇದು ಜಾರಿಗೆ ಬರಬೇಕಾದರೆ ಕರಾರಿಗೆ ಸೇರಿದ ರಾಷ್ಟ್ರಗಳಲ್ಲಿ ಮೂರರಲ್ಲೆರಡು ಪಾಲು ಒಪ್ಪಿಗೆಪತ್ರ ಕಳುಹಿಸಬೇಕು. ಕರಾರಿನಲ್ಲಿ ಐವತ್ತಕ್ಕೂ ಹೆಚ್ಚು ರಾಷ್ಟ್ರಗಳಿದ್ದವು. ಹತ್ತು ವರ್ಷ ಕಳೆದರೂ ಪತ್ರ ಕಳುಹಿಸಿದವು ಬೆರಳೆಣಿಕೆಯಷ್ಟು. ವಿರೋಧವಿತ್ತೆಂದಲ್ಲ. ತಮ್ಮ ಬಳಿ ಹೂಳುವ ಯೋಜನೆಯಿಲ್ಲದ ದೇಶಗಳಿಗೆ ಅವಸರವೇನು? ಸಹಕಾರ ಸಂಘದ ಮಹಾಸಭೆಗೆ ಕೋರಂ ಕೂಡದೆ ನೀರಿನ ತೊಟ್ಟಿಯ ರಿಪೇರಿ ನಿಂತುಹೋದ ಅನುಭವ ನಮ್ಮ ಓದುಗರಲ್ಲಿ ಹಲವರಿಗಿರಬಹುದು. ಇದೂ ಹಾಗೆಯೇ, ತೊಟ್ಟಿ ಸ್ವಲ್ಪ ದೊಡ್ಡದು, ಅಷ್ಟೆ.

ಕೊನೆಗೆ 2019ರಲ್ಲಿ ನಾರ್ವೆ ಮತ್ತು ನೆದರ್‌ಲ್ಯಾಂಡ್ಸ್ ಮುಂದಾಗಿ ಒಂದು ಹಾದಿ ಸೂಚಿಸಿದವು. ತಿದ್ದುಪಡಿ ಪೂರ್ಣವಾಗಿ ಜಾರಿಗೆ ಬರುವವರೆಗೆ ಕಾಯುವುದು ಬೇಡ. ಇಷ್ಟವಿರುವ ಎರಡು ದೇಶಗಳು ತಾವು ತಾವೇ ಕರಾರು ಮಾಡಿಕೊಂಡು, ಹೊಣೆ ಯಾರದೆಂದು ಬರೆದಿಟ್ಟು, ತಾತ್ಕಾಲಿಕವಾಗಿ ಅದನ್ನು ಅನ್ವಯಿಸಲಿ ಎಂದು. ಸಭೆ ಒಪ್ಪಿತು. ಹೊಗೆಗೆ ರಹದಾರಿ ದೊರೆತದ್ದು ಹೀಗೆ. 2022ರಲ್ಲಿ ಬೆಲ್ಜಿಯಂ ಮತ್ತು ಡೆನ್ಮಾರ್ಕ್ ಕರಾರು ಮಾಡಿಕೊಂಡವು. 2023ರ ಮಾರ್ಚಿನಲ್ಲಿ ಬೆಲ್ಜಿಯಂನಲ್ಲಿ ಹಿಡಿದ ವಾಯು ಡೆನ್ಮಾರ್ಕಿನ ಕಡಲಡಿಯ ಬರಿದಾದ ಎಣ್ಣೆಬಾವಿಯ ಪದರಕ್ಕೆ ಪ್ರಯೋಗಾರ್ಥವಾಗಿ ಇಳಿಯಿತು. 2024ರ ಏಪ್ರಿಲಿನಲ್ಲಿ ನಾರ್ವೆ ಡೆನ್ಮಾರ್ಕ್, ಸ್ವೀಡನ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ನಾಲ್ಕರೊಡನೆಯೂ ಸಹಿ ಹಾಕಿತು. ನೆದರ್‌ಲ್ಯಾಂಡ್ಸಿನ ಸ್ಲಾಯ್ಸ್‌ಕಿಲ್ ಎಂಬಲ್ಲಿಯ ಗೊಬ್ಬರದ ಕಾರ್ಖಾನೆ ವರ್ಷಕ್ಕೆ 8 ಲಕ್ಷ ಟನ್ನು ಕಳುಹಿಸಲು ಒಪ್ಪಂದ ಮಾಡಿಕೊಂಡಿದೆ. ಸ್ಟಾಕ್‌ಹೋಮ್ ನಗರಕ್ಕೆ ಚಳಿಗಾಲದಲ್ಲಿ ಬಿಸಿನೀರು ಒದಗಿಸುವ ಸಂಸ್ಥೆಯೂ ಗಿರಾಕಿಯಾದ ಮೇಲೆ, ವರ್ಷಕ್ಕೆ 15 ಲಕ್ಷ ಟನ್ನಿನ ನೆಲೆಯನ್ನು 50 ಲಕ್ಷ ಟನ್ನಿಗೆ ಏರಿಸಲು 2025ರ ಮಾರ್ಚಿನಲ್ಲಿ ತೀರ್ಮಾನವಾಯಿತು.

ಕಾಗದದ ಕೆಲಸ ಮುಗಿದರೆ ಸಾಲದು. ದ್ರವವನ್ನು ಯಾವ ಒತ್ತಡದಲ್ಲಿ ಒಯ್ಯಬೇಕು, ಎಷ್ಟು ಶೈತ್ಯ, ಎಷ್ಟು ಶುದ್ಧ, ಹಡಗಿನ ಕೊಳವೆಬಾಯಿ ಬಂದರಿನ ಕೊಳವೆಬಾಯಿಗೆ ಕೂಡುವುದೇ? ಇವೆಲ್ಲ ಎಲ್ಲ ಕಡೆ ಒಂದೇ ಅಳತೆಯಲ್ಲಿರಬೇಕು. ಮುಂಬಯಿಯ ಹಿರಿಯ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆ ರಜೆಗೆ ಊರಿಗೆ ಹೊರಟು, ಮೀರಜಿನಲ್ಲಿ ಬ್ರಾಡ್ ಗೇಜ್ ಗಾಡಿಯಿಂದಿಳಿದು, ನಿದ್ದೆಗಣ್ಣಿನ ಮಕ್ಕಳು, ಟ್ರಂಕು, ಹಾಸಿಗೆ ಸುರುಳಿ, ನೀರಿನ ಹೂಜಿ ಸಮೇತ ಮೀಟರ್ ಗೇಜ್ ಗಾಡಿಗೆ ಓಡಿದ ನೆನಪು ಅವರಲ್ಲಿ ಎಷ್ಟೋ ಮಂದಿಗಿದೆ. ಹಳಿಯ ಅಗಲ ಮೊದಲೇ ಕೂಡಿ ನಿಶ್ಚಯಿಸದಿದ್ದರೆ ಆಮೇಲೆ ಅದರ ಬೆಲೆಯನ್ನು ಎರಡು ತಲೆಮಾರು ತೆರಬೇಕಾಗುತ್ತದೆ.

ಹೊಣೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಬೆಲ್ಜಿಯಂನ ವಾಯು ಡೆನ್ಮಾರ್ಕಿನಲ್ಲಿ ಮುಂದೆಂದಾದರೂ ಸೋರಿದರೆ ಯಾರು ಉತ್ತರ ಹೇಳಬೇಕು? ಯುರೋಪಿನ 2009ರ ಶಾಸನದ ಪ್ರಕಾರ ಬಾವಿ ಮುಚ್ಚಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 20 ವರ್ಷ ನಡೆಸಿದವನದೇ ಜವಾಬ್ದಾರಿ. ವಾಯು ನೆಲೆನಿಂತಿದೆಯೆಂದು ತೋರಿಸಿಕೊಟ್ಟ ಮೇಲೆ ಅದು ಆ ದೇಶದ ಸರಕಾರಕ್ಕೆ ಸೇರುತ್ತದೆ. ಎಂದರೆ ಕೊನೆಗೆ ಪ್ರಜೆಗಳಿಗೆ. ಪ್ರಜೆಗಳನ್ನು ಕೇಳದೆ ಹೊರಟರೆ ಏನಾಗುತ್ತದೆಂಬುದಕ್ಕೆ ನೆದರ್‌ಲ್ಯಾಂಡ್ಸಿನ ಬಾರೆಂಡ್ರೆಕ್ಟ್ ಸಾಕ್ಷಿ. ರಾಟರ್‌ಡಾಮ್ ಪಕ್ಕದ ಆ ಊರಿನ ಮನೆಗಳ ಕೆಳಗಿನ ಬರಿದಾದ ಅನಿಲಪದರದಲ್ಲಿ ವಾಯುವನ್ನು ತುಂಬುವ ಯೋಜನೆಯನ್ನು ಊರವರು ಒಗ್ಗಟ್ಟಾಗಿ ವಿರೋಧಿಸಿದರು. 2010ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಅದೇ ದೇಶದ ಗೊಬ್ಬರದ ಕಾರ್ಖಾನೆ ಈಗ ತನ್ನ ವಾಯುವನ್ನು ಹಡಗಿನಲ್ಲಿ ನಾರ್ವೆಗೆ ಕಳುಹಿಸಲು ಹೊರಟಿರುವುದನ್ನು ನೋಡಿದರೆ, ತನ್ನ ಮನೆಯಡಿ ಬೇಡವಾದುದು ಪಕ್ಕದವನ ಅಂಗಳದಡಿ ಆಗಬಹುದೆಂಬ ಹಳೆಯ ನ್ಯಾಯದ ವಾಸನೆ ನಮಗೆ ಹೊಡೆಯದಿರಲಿಲ್ಲ. ಆದರೆ ಇಲ್ಲಿ ಪಕ್ಕದವನು ಬಡವನಲ್ಲ, ಮೋಸಹೋದವನೂ ಅಲ್ಲ. ಬಾಡಿಗೆ ಎಣಿಸಿಕೊಂಡು, ಕರಾರು ಓದಿ, ಸಹಿ ಹಾಕಿದ್ದಾನೆ. ಎಣ್ಣೆ ಮಾರಿ ಹಣ ಮಾಡಿದ ದೇಶ ಹೊಗೆ ಹೂಳಿಯೂ ಹಣ ಮಾಡುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಮೊದಲು ಗುಂಡಿ ತೋಡುವ ನಷ್ಟವನ್ನು ಹೊತ್ತವರು ಅವರೇ: 2020ರ ಅಂದಾಜಿನಂತೆ ಇಡೀ ಯೋಜನೆಯ ಮೂರರಲ್ಲೆರಡು ಪಾಲು ವೆಚ್ಚ ನಾರ್ವೆಯ ಬೊಕ್ಕಸದ್ದು.

ಇಷ್ಟೆಲ್ಲ ಹೇಳಿ ಪ್ರಮಾಣವನ್ನು ಮರೆಮಾಚುವುದು ಸರಿಯಲ್ಲ. ಜಗತ್ತು ಇಂಧನ ಸುಟ್ಟು ಮತ್ತು ಉದ್ಯಮಗಳಿಂದ ವರ್ಷಕ್ಕೆ ಹೊರಬಿಡುವ ಅಂಗಾರಾಮ್ಲ ಸುಮಾರು 3,700 ಕೋಟಿ ಟನ್ನು. ಅದರ ಮುಂದೆ 15 ಲಕ್ಷವೆಂದರೆ ಕೆರೆಯ ಮುಂದೆ ಚೆಂಬಿನ ನೀರು. ಕಲ್ಲಿದ್ದಲ ವಿದ್ಯುತ್ತಿಗೆ ಬಿಸಿಲು, ಗಾಳಿಗಳ ಬದಲಿಯಿದೆ. ಅಲ್ಲಿ ಈ ದುಬಾರಿ ಉಪಾಯವನ್ನು ನೆಪಮಾಡಿಕೊಂಡು ಗೂಡು ಉರಿಸುತ್ತಲೇ ಇರುವುದನ್ನು ನಾವು ಒಪ್ಪಲಾರೆವು. ಬದಲಿಯಿಲ್ಲದ ಸಿಮೆಂಟಿನಂಥ ಕಡೆ ಅದು ಸಲ್ಲಬೇಕು. ಸಿಮೆಂಟು ತಯಾರಿಸುವುದರಲ್ಲಿ ಚೀನಾವನ್ನು ಬಿಟ್ಟರೆ ಮುಂದಿನ ಹೆಸರು ಭಾರತದ್ದೇ. ಈ ಮಾತು ಅಂತೂ ಇಂತೂ ನಮ್ಮ ಬಾಗಿಲಿಗೆ ಬರುವಂಥದು.

ಮುಂದಿನ ಭಾನುವಾರ ಇದನ್ನೆಲ್ಲ ವಾಡಿಯ ಮಿತ್ರರಿಗೆ ಒಪ್ಪಿಸಿದೆವು. ಉತ್ಸಾಹದಲ್ಲಿ ಐಸ್‌ಲ್ಯಾಂಡಿನ ಸಂಗತಿಯನ್ನೂ ಸೇರಿಸಿದೆವು. ಅಲ್ಲಿ ಈ ವಾಯುವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಎಂಬ ಕರಿಕಲ್ಲಿನೊಳಕ್ಕೆ ಇಳಿಸುತ್ತಾರೆ; 2012ರ ಪ್ರಯೋಗದಲ್ಲಿ ಅದರ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಎರಡು ವರ್ಷದೊಳಗೆ ಕಲ್ಲಾಯಿತು. ಮುಂಬಯಿ, ಪುಣೆಗಳು ನಿಂತಿರುವುದೂ, ನಮ್ಮ ಬೀದರ, ವಿಜಯಪುರ, ಕಲಬುರಗಿಯ ಬಹುಭಾಗ ಹರಡಿರುವುದೂ ಅದೇ ಜಾತಿಯ ಕರಿಕಲ್ಲಿನ ಮೇಲೆ. ದಖನ್ನಿನಲ್ಲಿ ಅದು ಸುಮಾರು 5 ಲಕ್ಷ ಚದರ ಕಿಲೊಮೀಟರಿನಷ್ಟಿದೆ. ಸಿಮೆಂಟಿನ ಕಲ್ಲೂ ಅಲ್ಲೇ, ಹೊಗೆ ಹೂಳುವ ಕಲ್ಲೂ ಅಲ್ಲೇ ಎಂದು ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು.

"ನೀರೆಷ್ಟು ಬೇಕಾಗತದರಿ?" ಎಂದರು ಅವರು.

ಒಂದು ಟನ್ನು ವಾಯುವಿಗೆ ಸುಮಾರು 25 ಟನ್ನು ನೀರು ಎಂದೆವು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ವಾಡಿಯಾಗ ಬ್ಯಾಸಗಿಗೆ ಟ್ಯಾಂಕರ್ ಮುಂದೆ ಕೊಡ ಹಿಡಕೊಂಡು ನಿಂತೀವ್ರಿ ನಾವು" ಎಂದು ಹೇಳಿ ಸುಮ್ಮನಾದರು. ಸಿಹಿನೀರಿನ ಬದಲು ಸಮುದ್ರದ ನೀರಿನಿಂದ ಈ ಕೆಲಸ ಸಾಧ್ಯವೇ ಎಂದು ಐಸ್‌ಲ್ಯಾಂಡಿನವರು ಪರೀಕ್ಷಿಸಿದ್ದಾರೆಂದೆವು. "ಅದಾದ್ರ ಮುಂಬೈಗೇ ಆತು, ನಮ್ಮೂರಿಗಲ್ಲ" ಎಂದರು.

ಗೂಡಿನ ಬಳಿಯ ತಮ್ಮ ಮೂವತ್ತು ವರ್ಷಗಳ ವಿಷಯವನ್ನು ಮುಂದಿನ ಸಂಚಿಕೆಗೆ ಅವರೇ ಬರೆದುಕೊಡುವರು. ಬರೆಯಲು ಬಾರದೆಂದು ಮೊದಲು ತಲೆಯಾಡಿಸಿದರು. ಹೇಳುತ್ತ ಹೋಗಿ, ನಾವು ಬರೆದುಕೊಳ್ಳುತ್ತೇವೆ ಎಂದ ಮೇಲೆ ಒಪ್ಪಿದ್ದಾರೆ.