ಆಯೋಗಗಳಿಂದ ಆಗದ ಕೆಲಸ

ಸರ್ಕಾರ ಬದಲಾದಾಗಲೆಲ್ಲ ಹಿಂದಿನವರ ಮೇಲೊಂದು ವಿಚಾರಣಾ ಆಯೋಗ ನೇಮಕವಾಗುವುದನ್ನು ನಾವು ಸಹಜವೆಂದೇ ಒಪ್ಪಿಕೊಂಡಿದ್ದೇವೆ. ಅದರಿಂದ ಯಾರಿಗಾದರೂ ಶಿಕ್ಷೆಯಾಯಿತೇ ಎಂದು ಕೇಳುವುದನ್ನೂ ಬಿಟ್ಟಿದ್ದೇವೆ. ಅಧಿಕಾರದಿಂದ ಇಳಿದವರ ಅಪರಾಧವನ್ನು ಪತ್ತೆಹಚ್ಚಲು ಇಂಥ ಆಯೋಗಕ್ಕಿಂತ ದುರ್ಬಲವಾದ ಸಾಧನ ಬೇರೊಂದಿಲ್ಲವೆಂಬುದು ನಮ್ಮ ವಾದ.

ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ ಜನತಾ ಸರ್ಕಾರ 1977ರ ಮೇ ತಿಂಗಳಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರನ್ನು ನೇಮಿಸಿತು. ಅವರ ಪರಿಶ್ರಮದ ಬಗ್ಗೆ ನಮಗೆ ಗೌರವವಿದೆ. ಮೂರು ವರದಿಗಳು ಅಮೂಲ್ಯ ದಾಖಲೆ. ಆದರೆ 1952ರ ಕಾಯ್ದೆ ಅವರಿಗೆ ಕೊಟ್ಟ ಅಧಿಕಾರವಾದರೂ ಎಷ್ಟು? ಸಾಕ್ಷಿಗಳನ್ನು ಕರೆಸಬಹುದು, ಕಡತ ತರಿಸಬಹುದು, ಶಿಕ್ಷಿಸುವಂತಿಲ್ಲ. ಆಯೋಗದ ಮುಂದಿನ ಹೇಳಿಕೆಯನ್ನು, ಸುಳ್ಳುಸಾಕ್ಷ್ಯದ ಮೊಕದ್ದಮೆಯ ಹೊರತು, ಹೇಳಿದವರ ವಿರುದ್ಧ ಬಳಸುವಂತೆಯೂ ಇಲ್ಲ. 1978ರ ಜನವರಿಯಲ್ಲಿ ಹಾಜರಾದ ಇಂದಿರಾ ಗಾಂಧಿ ಪ್ರಮಾಣ ಸ್ವೀಕರಿಸಲು ನಿರಾಕರಿಸಿದರು. ಅದೇ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳುಹಿಸಿತು. 1980ರಲ್ಲಿ ಅವರು ಪ್ರಧಾನಿಯಾಗಿ ಮರಳಿದ ಮೇಲೆ ವರದಿಯ ಪ್ರತಿಗಳು ಅಪರೂಪವಾದವು. ಅದನ್ನು 2010ರಲ್ಲಿ ಮತ್ತೆ ಅಚ್ಚುಹಾಕಿಸಿದವರು ಮಾಜಿ ಸಂಸದ ಇರಾ ಸೆಳಿಯನ್.

ದೇವರಾಜ ಅರಸರ ಪ್ರಸಂಗ ಇನ್ನೂ ವಿಚಿತ್ರ. ಅವರು ಆಗಿನ್ನೂ ಮುಖ್ಯಮಂತ್ರಿ. ಆರೋಪಗಳಿಗೆ ರಾಜ್ಯ ಸರ್ಕಾರ ತಾನೇ ಒಂದು ಆಯೋಗವನ್ನು ನೇಮಿಸಿಕೊಂಡಿತು. ಕೆಲವೇ ದಿನಗಳಲ್ಲಿ ಕೇಂದ್ರ ಗ್ರೋವರ್ ಆಯೋಗವನ್ನು ನೇಮಿಸಿತು. ಅವರವರಿಗೆ ಅವರವರ ನ್ಯಾಯಮೂರ್ತಿ!

ಇದಕ್ಕೆ ಎದುರಾಗಿ ನಾವು ಮುಂದಿಡುವುದು ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು. ಅದನ್ನು ಹೂಡಿದ್ದೂ ಅವರ ನಂತರ ಬಂದ ಡಿಎಂಕೆ ಸರ್ಕಾರವೇ. ಅಲ್ಲಿಯೂ ದ್ವೇಷವಿರಲಿಲ್ಲವೆಂದು ನಾವು ಹೇಳೆವು. 2001ರಲ್ಲಿ ಅವರು ಅಧಿಕಾರಕ್ಕೆ ಮರಳಿದೊಡನೆ, ಆಗಲೇ ಹೇಳಿಕೆ ಕೊಟ್ಟಿದ್ದ ಎಪ್ಪತ್ತಕ್ಕೂ ಹೆಚ್ಚು ಸಾಕ್ಷಿಗಳನ್ನು ಮರಳಿ ಕರೆಸಲಾಯಿತು, ಬಹುಪಾಲು ಮಂದಿ ಮಾತು ಬದಲಿಸಿದರು. ಸರ್ಕಾರಿ ವಕೀಲರು ಸುಮ್ಮನಿದ್ದರು. ಆಯೋಗವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನ್ಯಾಯಾಲಯವಾದ್ದರಿಂದ ಎದುರುಪಕ್ಷದವರು ಸುಪ್ರೀಂ ಕೋರ್ಟಿಗೆ ಹೋಗಲು ಸಾಧ್ಯವಾಯಿತು. 2003ರ ನವೆಂಬರಿನಲ್ಲಿ ಮೊಕದ್ದಮೆ ಬೆಂಗಳೂರಿಗೆ ಬಂತು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ಕರ್ನಾಟಕವೇ ಅಭಿಯೋಜಕರನ್ನು ನೇಮಿಸಬೇಕೆಂದು ಆದೇಶವಾಯಿತು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ನಾಲ್ಕು ವರ್ಷ ಸೆರೆ, 100 ಕೋಟಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಪರಪ್ಪನ ಅಗ್ರಹಾರಕ್ಕೆ ಹೋದರು. ಆ ದಿನಗಳಲ್ಲಿ ತಮಿಳುನಾಡಿನಲ್ಲಿ ಕನ್ನಡಿಗರ ವಿರುದ್ಧ ಭಿತ್ತಿಪತ್ರಗಳು ಕಾಣಿಸಿಕೊಂಡದ್ದನ್ನು ಅಲ್ಲಿನ ನಮ್ಮವರು ಮರೆತಿರಲಾರರು. ತೀರ್ಪಿಗೆ ಭಾಷೆಯ ಬಣ್ಣ ಬಳಿಯುವುದು ಎಷ್ಟು ಸುಲಭ!

ಹದಿನೆಂಟು ವರ್ಷ ಹಿಡಿದ ಮೊಕದ್ದಮೆ ಮಾದರಿಯೇ ಎಂದು ಕೇಳುವವರುಂಟು. ಆಕ್ಷೇಪ ಸಾಧುವೇ. 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕುನ್ಹಾ ತೀರ್ಪನ್ನು ಎತ್ತಿಹಿಡಿಯುವಾಗ ಮೊದಲ ಆರೋಪಿ ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ಆದರೂ ಉಳಿದ ಮೂವರು ಜೈಲಿಗೆ ಹೋದರು. ಮೊಕದ್ದಮೆಯನ್ನು ಯಾರು ಆರಂಭಿಸಿದರೆಂಬುದಕ್ಕಿಂತ ಅದನ್ನು ಯಾರೂ ನಿಲ್ಲಿಸಲಾಗದಂತಿತ್ತೇ ಎಂಬುದೇ ಮುಖ್ಯ.

ಈಗ ನಿಲ್ಲಿಸುವ ಬಾಗಿಲುಗಳೇ ಹೆಚ್ಚುತ್ತಿವೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿದ 17ಎ ಕಲಂ, ಅಧಿಕಾರದಲ್ಲಿದ್ದಾಗ ಕೈಗೊಂಡ ನಿರ್ಧಾರದ ತನಿಖೆಗೇ ಪೂರ್ವಾನುಮತಿ ಬೇಕೆನ್ನುತ್ತದೆ. ಮುಖ್ಯಮಂತ್ರಿಯಾಗಿದ್ದವರ ವಿಷಯದಲ್ಲಿ ಅದು ಕೇಂದ್ರ ನೇಮಿಸಿದ ರಾಜ್ಯಪಾಲರ ಕೈಯಲ್ಲಿ. ಕರ್ನಾಟಕದಲ್ಲಿಯೂ 2016ರಲ್ಲಿ ಲೋಕಾಯುಕ್ತದ ತನಿಖಾಧಿಕಾರವನ್ನು ಕಿತ್ತು ಸರ್ಕಾರದ ಅಧೀನದ ಎಸಿಬಿಗೆ ಕೊಡಲಾಗಿತ್ತು. ಅದನ್ನು ಮರಳಿಸಲು 2022ರಲ್ಲಿ ಹೈಕೋರ್ಟೇ ಬರಬೇಕಾಯಿತು. ಆ ಆರು ವರ್ಷಗಳಲ್ಲಿ ಎರಡೂ ಕಡೆಯ ಪಕ್ಷಗಳು ಆಳಿದವು, ಯಾರೂ ಮರಳಿಸಲಿಲ್ಲ. ಹೊಸ ಆಯೋಗ ಘೋಷಿಸುವ ಮುಖ್ಯಮಂತ್ರಿಯನ್ನು ನಾವು ಕೇಳಬೇಕಾದದ್ದು ಇಷ್ಟೇ: ಅಭಿಯೋಜಕರ ನೇಮಕವನ್ನು ಹೈಕೋರ್ಟಿಗೆ ಬಿಟ್ಟು, ವಿಚಾರಣೆಯನ್ನು ಬೇರೆ ರಾಜ್ಯಕ್ಕೆ ಕಳುಹಿಸಲು ತಾವು ಸಿದ್ಧರೇ?