ಬೆಟ್ಟ ಹತ್ತೋಣ, ಬೆಂಕಿಪೊಟ್ಟಣ ಬೇಡ

ಡಿಸೆಂಬರ್ ಬಂತೆಂದರೆ ಹಾಸ್ಟೆಲಿನಲ್ಲಿ ಒಂದೇ ಮಾತು, ‘ಟ್ರೆಕ್ ಎಲ್ಲಿಗೆ?’ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಮೊದಲೇ ವಾಟ್ಸ್‌ಆ್ಯಪ್ ಗ್ರೂಪ್ ಸಿದ್ಧ. ಕುಮಾರ ಪರ್ವತ, ಮುಳ್ಳಯ್ಯನಗಿರಿ, ಕೊಡಚಾದ್ರಿ... ಪಟ್ಟಿ ಇದರಾಚೆ ಹೋಗುವುದೇ ಇಲ್ಲ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಚಾರಣಕ್ಕೆ ತಾತ್ಕಾಲಿಕ ತಡೆ ಬಿತ್ತು. ಅದೇ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿ ಮಾತ್ರ. ಗೆಳೆಯರು ಗೊಣಗಿದರು, ನನಗೆ ಸರಿ ಎನಿಸಿತು. ಸೇತುವೆಗೆ ಭಾರದ ಮಿತಿ ಇರುತ್ತದೆ ಎಂದು ಒಪ್ಪುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಟ್ಟಕ್ಕೂ ಮಿತಿ ಇದೆ ಎಂದರೆ ಯಾಕೆ ಸಿಟ್ಟಾಗಬೇಕು?

ನನ್ನ ಚಿಂತೆ ಬೇರೆ. ಅಲ್ಲಿ ಟಿಕೆಟ್ ಸಿಗದವರು ಇನ್ನು ನಮ್ಮೂರ ಗುಡ್ಡಗಳಿಗೆ ಬರುತ್ತಾರೆ. ಬರಲಿ, ಸಂತೋಷ. ನಮ್ಮ ಗುಂಪಿನ ನಾಲ್ವರೂ ಹಾಗೇ ಶುರು ಮಾಡಿದ್ದು. ನಾನು ಚನ್ನಗಿರಿಯವನು, ಊರಲ್ಲೇ ಕೋಟೆ ಇರುವ ಗುಡ್ಡವಿದೆ. ನ್ಯಾಮತಿಯವನು ವರ್ಷವಿಡೀ ನೀರು ಹರಿಯುವ ತೀರ್ಥರಾಮೇಶ್ವರ ತೋರಿಸಿದ. ಹೊನ್ನಾಳಿಯವನಿಗೆ ಹೊಳೆಯದೇ ಹುಚ್ಚು. ಗುಡ್ಡ ಹತ್ತುವಾಗ ಎಲ್ಲರಿಗಿಂತ ಹಿಂದೆ, ರೊಟ್ಟಿ ಬಿಚ್ಚುವಾಗ ಎಲ್ಲರಿಗಿಂತ ಮುಂದೆ! ಬಸ್ ಚಾರ್ಜ್ ಬಿಟ್ಟರೆ ಖರ್ಚೇ ಇಲ್ಲ.

ಜಗಳೂರಿನವನ ಊರಿಗೆ ಹೋಗುವ ಮಾತು ಬಂದಾಗ ಒಬ್ಬ, ‘ರಾತ್ರಿ ಫೈರ್ ಕ್ಯಾಂಪ್ ಹಾಕೋಣ’ ಎಂದ. ಜಗಳೂರಿನವನು ಮುಖ ಗಂಟಿಕ್ಕಿದ. ‘ಅದು ಕೊಂಡುಕುರಿ ಕಾಡಲೇ, ಕಡ್ಡಿ ಗೀರಿದ್ರೆ ಮುಗೀತು.’

ಅವನು ಹೇಳಿದ್ದು ರಂಗಯ್ಯನದುರ್ಗದ ಬಗ್ಗೆ. 2011ರಲ್ಲಿ ವನ್ಯಧಾಮವಾದ ಸುಮಾರು 77 ಚದರ ಕಿ.ಮೀ. ಕುರುಚಲು ಕಾಡು ಅದು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಅಪಾಯ ಕಂಡರೆ ಎತ್ತರದ ಹುಲ್ಲಿನಲ್ಲಿ ಅಡಗುವ ನಾಚಿಕೆಯ ಪ್ರಾಣಿ. ಹಿಂಗಾರು ನಿಂತ ಮೇಲೆ ಆ ಹುಲ್ಲೇ ಒಣಗಿ ಸೌದೆಯಾಗುತ್ತದೆ. ನಮಗೆ ನಡೆಯಲು ಹಿತವಾದ ಚಳಿಗಾಲವೇ ಕಾಡಿಗೆ ಬೆಂಕಿ ತಗಲುವ ಕಾಲದ ಶುರು. ಮಲೆನಾಡಿನ ಹಸಿ ಕಾಡಲ್ಲ ಇದು, ಗಾಳಿಗೆ ಹಾರಿದ ಒಂದು ಕಿಡಿ ಸಾಕು.

ವನ್ಯಧಾಮದೊಳಗೆ ಹೋಗಲು ಅನುಮತಿ ಬೇಕು, ಬೆಂಕಿ ಹಚ್ಚುವುದು ಕಾನೂನಿನಲ್ಲೇ ಅಪರಾಧ. ಹೊರಗಿನ ಗುಡ್ಡಗಳಲ್ಲೂ ಇದೇ ಒಣಹುಲ್ಲು. ಅಲ್ಲಿ ಕೇಳುವವರು ಯಾರು? ರೀಲ್ಸ್‌ನಲ್ಲಿ ಬೆಂಕಿ ಸುತ್ತ ಗಿಟಾರ್ ಚೆನ್ನಾಗಿ ಕಾಣುತ್ತದೆ, ಮರುದಿನದ ಬೂದಿ ಕಾಣುವುದಿಲ್ಲ.

ಅರಣ್ಯ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟೆ. ನಮ್ಮ ತಾಲ್ಲೂಕುಗಳಲ್ಲೂ ಒಂದೆರಡು ಹಗಲು ಚಾರಣದ ದಾರಿ ಗುರುತಿಸಿ, ಸಂಖ್ಯೆಗೆ ಮಿತಿ ಹಾಕಿ. ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವ ಅದೇ ಊರಿನವರಿಗೆ ತರಬೇತಿ ಕೊಟ್ಟು ಗೈಡ್ ಮಾಡಿ. ಹತ್ತುವ ಮುನ್ನ ಬ್ಯಾಗಿನಲ್ಲಿರುವ ಲೈಟರ್, ಬೆಂಕಿಪೊಟ್ಟಣ ಕೆಳಗೇ ಇರಿಸಿಕೊಳ್ಳಲಿ. ಇಳಿದು ಬಂದಾಗ ವಾಪಸ್ ಕೊಡಲಿ.